ಅರ್ಧ ನನ್ನದು, ಅರ್ಧ ನಿನ್ನದು: ಇಟಲಿ ಫುಟ್‌ಬಾಲ್ ಕೈಬಿಟ್ಟ ಪಾಲುಗಾರಿಕೆ

1978ರ ಮೇ ತಿಂಗಳಲ್ಲಿ ಇಟಲಿಯ ಎರಡು ಫುಟ್‌ಬಾಲ್ ಕ್ಲಬ್‌ಗಳು ಒಬ್ಬನೇ ಆಟಗಾರನಿಗಾಗಿ ತಲಾ ಒಂದು ಮುಚ್ಚಿದ ಲಕೋಟೆಯನ್ನು ಲೀಗ್‌ಗೆ ಸಲ್ಲಿಸಿದವು. ಟುರಿನ್‌ನ ಬಲಾಢ್ಯ ಯುವೆಂಟಸ್ ಬರೆದಿದ್ದ ಮೊತ್ತ 87.5 ಕೋಟಿ ಲಿರಾ. ವಿಚೆಂಜಾ ಎಂಬ ಸಣ್ಣ ಊರಿನ ಕ್ಲಬ್ ಬರೆದದ್ದು 261 ಕೋಟಿ ಲಿರಾ. ಆಟಗಾರ ಪಾವೊಲೊ ರೋಸಿ, ವಯಸ್ಸು 21. ಆ ಋತುವಿನಲ್ಲಿ 24 ಗೋಲು ಹೊಡೆದು, ಹಿಂದಿನ ವರ್ಷವಷ್ಟೇ ಎರಡನೇ ದರ್ಜೆಯಿಂದ ಮೇಲೆ ಬಂದಿದ್ದ ವಿಚೆಂಜಾವನ್ನು ಚಾಂಪಿಯನ್ ಯುವೆಂಟಸ್‌ನ ಬೆನ್ನಿಗೇ, ಎರಡನೇ ಸ್ಥಾನಕ್ಕೆ ತಂದು ನಿಲ್ಲಿಸಿದ್ದರು. ಆ 261 ಕೋಟಿ ಇಡೀ ರೋಸಿಯ ಬೆಲೆಯಲ್ಲ, ಯುವೆಂಟಸ್ ಬಳಿ ಇದ್ದ ಅರ್ಧ ಪಾಲಿನ ಬೆಲೆ. ಉಳಿದರ್ಧ ವಿಚೆಂಜಾದ ಬಳಿ ಮೊದಲೇ ಇತ್ತು. ಒಬ್ಬ ಆಟಗಾರನ ಮೇಲಿನ ಹಕ್ಕನ್ನು ಎರಡು ಕ್ಲಬ್‌ಗಳು ಸರಿಸಮವಾಗಿ ಹಂಚಿಕೊಳ್ಳುವ ಈ ವಿಚಿತ್ರ ಪದ್ಧತಿ ದಶಕಗಳ ಕಾಲ ಇಟಲಿಯ ಆಟಗಾರರ ಮಾರುಕಟ್ಟೆಯನ್ನು ನಡೆಸಿತು. 2014ರ ಮೇನಲ್ಲಿ ಅಲ್ಲಿನ ಫುಟ್‌ಬಾಲ್ ಒಕ್ಕೂಟ ಅದನ್ನು ರದ್ದು ಮಾಡಿ, ಚಾಲ್ತಿಯಲ್ಲಿದ್ದ ಒಪ್ಪಂದಗಳನ್ನು 2015ರ ಜೂನ್ ಒಳಗೆ ಮುಗಿಸಿಕೊಳ್ಳಲು ಹೇಳಿತು. ಆಗ ಬಹುಮಂದಿ ಚಪ್ಪಾಳೆ ತಟ್ಟಿದರು. ದಶಕ ಕಳೆದ ಮೇಲೆ ಲೆಕ್ಕ ಹಾಕಿದರೆ ಬೇರೆಯದೇ ಚಿತ್ರ ಕಾಣುತ್ತದೆ. ರದ್ದತಿಯಿಂದ ಮುಖ್ಯವಾಗಿ ನಷ್ಟವಾದದ್ದು ಆ ಪದ್ಧತಿಯಲ್ಲಿದ್ದ ಒಂದು ಒಳ್ಳೆಯ ಗುಣ. ಅದರ ದೋಷಗಳಲ್ಲಿ ದೊಡ್ಡದೊಂದು ವೇಷ ಬದಲಿಸಿ ಅಲ್ಲೇ ಕುಳಿತಿದೆ.

ಪದ್ಧತಿ ಕೇಳಲು ಸರಳ. ದೊಡ್ಡ ಕ್ಲಬ್‌ನ ಯುವ ತಂಡದಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಇದ್ದಾನೆ. ಚುರುಕಾಗಿದ್ದಾನೆ, ಆದರೆ ಮೊದಲ ತಂಡದಲ್ಲಿ ಜಾಗವಿಲ್ಲ. ಪೂರ್ತಿ ಮಾರಿಬಿಟ್ಟರೆ ನಾಳೆ ಅವನು ತಾರೆಯಾದಾಗ ಕೈ ಹಿಸುಕಿಕೊಳ್ಳಬೇಕು. ಸಣ್ಣ ಕ್ಲಬ್‌ಗೆ ಹುಡುಗ ಬೇಕು, ಪೂರ್ತಿ ಬೆಲೆ ಕೊಡುವ ತಾಕತ್ತಿಲ್ಲ. ಹಾಗಾಗಿ ಅರ್ಧ ಹಕ್ಕು ಕೈಬದಲಾಗುತ್ತದೆ. ಹುಡುಗ ಒಂದು ಕ್ಲಬ್‌ನಲ್ಲಿ ನೋಂದಾಯಿತನಾಗಿ ಅಲ್ಲೇ ಆಡುತ್ತಾನೆ, ಸಂಬಳವೂ ಅಲ್ಲಿಂದಲೇ. ಅವನ ಹಕ್ಕಿನಿಂದ ಮುಂದೆ ಬರುವ ಹಣದಲ್ಲಿ ಮಾತ್ರ ಇಬ್ಬರಿಗೂ ಸಮಪಾಲು. ಪ್ರತಿ ಜೂನ್‌ನಲ್ಲಿ ಎರಡೂ ಕ್ಲಬ್‌ಗಳು ಕೂತು ಮಾತಾಡಬೇಕು: ಇನ್ನೊಂದು ವರ್ಷ ಮುಂದುವರಿಸೋಣವೋ, ನೀನು ನನ್ನ ಪಾಲು ಕೊಳ್ಳುತ್ತೀಯೋ, ನಾನು ನಿನ್ನದನ್ನು ಕೊಳ್ಳಲೋ, ಇಬ್ಬರೂ ಸೇರಿ ಮೂರನೆಯವರಿಗೆ ಮಾರೋಣವೋ. ಮಾತು ಮುರಿದರೆ ಲಕೋಟೆ. ಎದುರಾಳಿ ಎಷ್ಟು ಬರೆದಿದ್ದಾನೆಂದು ಗೊತ್ತಿಲ್ಲದೆ ಪ್ರತಿಯೊಬ್ಬರೂ ಒಂದು ಮೊತ್ತ ಬರೆದು ಕೊಡುತ್ತಾರೆ. ಹೆಚ್ಚು ಬರೆದವರಿಗೆ ಆಟಗಾರ. ನಮ್ಮ ಹಳ್ಳಿಗಳಲ್ಲಿ ಕುರಿಮರಿಯನ್ನು ಪಾಲಿಗೆ ಕೊಟ್ಟು, ಸಾಕಿದವನೂ ಕೊಟ್ಟವನೂ ಲಾಭವನ್ನು ಅರ್ಧರ್ಧ ಹಂಚಿಕೊಳ್ಳುವ ಏರ್ಪಾಡನ್ನು ಬಲ್ಲವರಿಗೆ ಇದರ ಒಳತರ್ಕ ತಟ್ಟನೆ ಹೊಳೆಯುತ್ತದೆ. ಅದರಲ್ಲಿರುವ ಮುಜುಗರವೂ ಹೊಳೆಯುತ್ತದೆ. ಆ ಮುಜುಗರದ ಮಾತಿಗೆ ಆಮೇಲೆ ಬರುತ್ತೇನೆ.

ಇಂಥ ಪದ್ಧತಿ ಇಟಲಿಯಲ್ಲೇ ಏಕೆ ಇಷ್ಟು ಗಟ್ಟಿಯಾಗಿ ಬೇರೂರಿತು ಎಂಬುದಕ್ಕೆ ಅಲ್ಲಿನ ಕ್ಲಬ್‌ಗಳ ಹಣಕಾಸೇ ಉತ್ತರ. ಹೆಚ್ಚಿನ ಕ್ರೀಡಾಂಗಣಗಳು ನಗರಸಭೆಗಳದ್ದು, ಕ್ಲಬ್‌ಗಳು ಬಾಡಿಗೆದಾರರು. ಯುವೆಂಟಸ್‌ನಂಥ ಕ್ಲಬ್ ಕೂಡ ಸ್ವಂತ ಕ್ರೀಡಾಂಗಣ ಕಂಡದ್ದು 2011ರಲ್ಲಿ. 1999ರಿಂದ 2010ರವರೆಗೆ ಟಿವಿ ಹಕ್ಕುಗಳನ್ನು ಪ್ರತಿ ಕ್ಲಬ್ ತಾನೇ ಮಾರಿಕೊಳ್ಳುತ್ತಿದ್ದುದರಿಂದ ಹಣದ ದೊಡ್ಡ ಪಾಲು ಮಿಲಾನ್, ಟುರಿನ್, ರೋಮ್‌ಗಳ ಕಡೆಗೆ ಹರಿಯಿತು. ಸಣ್ಣ ಊರಿನ ಕ್ಲಬ್‌ಗೆ ಉಳಿದ ದೊಡ್ಡ ಆದಾಯವೆಂದರೆ ಆಟಗಾರರನ್ನು ಬೆಳೆಸಿ ಮಾರುವುದು. ಇನ್ನೊಂದು ಕಾರಣ ಯುವಕರದ್ದು. ಸ್ಪೇನ್‌ನಲ್ಲಿ ದೊಡ್ಡ ಕ್ಲಬ್‌ಗಳ ಎರಡನೇ ತಂಡಗಳು ಕೆಳಗಿನ ದರ್ಜೆಗಳಲ್ಲಿ ಬಹಳ ಹಿಂದಿನಿಂದ ಆಡುತ್ತಿವೆ. ಇಟಲಿಯಲ್ಲಿ ಯುವ ಲೀಗ್ ಮುಗಿಸಿದ ಹುಡುಗನಿಗೆ ಆ ಮೆಟ್ಟಿಲು ಇರಲಿಲ್ಲ. ಯುವೆಂಟಸ್ ಮೂರನೇ ದರ್ಜೆಯಲ್ಲಿ ಇಂಥ ತಂಡ ಇಳಿಸಿದ್ದು 2018ರಲ್ಲಿ. ಅಲ್ಲಿಯವರೆಗೆ ದೊಡ್ಡವರ ಹುಡುಗರಿಗೆ ಪ್ರತಿ ಭಾನುವಾರ ಹೊಡೆತ ತಿಂದು ಆಟ ಕಲಿಯಲು ಸಿಗುತ್ತಿದ್ದ ಶಾಲೆಗಳೆಂದರೆ ಪಾರ್ಮಾ, ಜೆನೋವಾ, ಉದಿನೇಸೆ, ಚೆಜೆನಾದಂಥ ಕ್ಲಬ್‌ಗಳೇ. ಅರ್ಧ ಹಕ್ಕು ಆ ಶಾಲೆಯ ಶುಲ್ಕವಾಗಿತ್ತು ಎನ್ನಬಹುದು.

ಆ ಶುಲ್ಕ ಕೆಲವೊಮ್ಮೆ ಬಹಳ ದೊಡ್ಡದಾಗುತ್ತಿತ್ತು. ಯುವೆಂಟಸ್‌ನ ಯುವ ತಂಡದಲ್ಲಿ ಬೆಳೆದ ಸೆಬಾಸ್ಟಿಯನ್ ಜೊವಿಂಕೊ ಅವರ ಅರ್ಧ ಹಕ್ಕನ್ನು ಪಾರ್ಮಾ 2011ರಲ್ಲಿ 30 ಲಕ್ಷ ಯೂರೊಗೆ ಕೊಂಡಿತು. ಮುಂದಿನ ಋತುವಿನಲ್ಲಿ ಅವರು 15 ಗೋಲು ಹೊಡೆದರು. 2012ರ ಜೂನ್‌ನಲ್ಲಿ ಅದೇ ಅರ್ಧವನ್ನು ಮರಳಿ ಪಡೆಯಲು ಯುವೆಂಟಸ್ 1.1 ಕೋಟಿ ಯೂರೊ ಕೊಡಬೇಕಾಯಿತು. ಕಾಲ್ಯಾರಿ ಕ್ಲಬ್ ರಾಜಾ ನೈಂಗೊಲಾನ್ ಅವರನ್ನು 2014ರ ಜನವರಿಯಲ್ಲಿ ರೋಮಾಗೆ ಎರವಲು ಕೊಟ್ಟಿತು, ಆ ಬೇಸಿಗೆಯಲ್ಲಿ ಅರ್ಧ ಹಕ್ಕನ್ನು 60 ಲಕ್ಷಕ್ಕೆ ಮಾರಿತು, 2015ರಲ್ಲಿ ಉಳಿದರ್ಧಕ್ಕೆ 90 ಲಕ್ಷ ಪಡೆಯಿತು. ಆಟಗಾರ ರೋಮಾದಲ್ಲಿ ಮಿಂಚಿದ್ದರ ಲಾಭ ಅವರನ್ನು ರೂಪಿಸಿದ ದ್ವೀಪದ ಕ್ಲಬ್‌ಗೂ ಮುಟ್ಟಿತು. ಇನ್ನೂ ಸ್ವಾರಸ್ಯದ್ದು ಚಿರೊ ಇಮ್ಮೊಬಿಲೆ ಪ್ರಕರಣ. ಒಂದೇ ಊರಿನ ಹಾವು-ಮುಂಗುಸಿಗಳಾದ ಯುವೆಂಟಸ್ ಮತ್ತು ತೊರಿನೊ 2013ರಲ್ಲಿ ಅವರನ್ನು ಅರ್ಧರ್ಧ ಹಂಚಿಕೊಂಡವು. ತೊರಿನೊ ಅಂಗಿ ತೊಟ್ಟು 22 ಗೋಲು ಹೊಡೆದ ಅವರು ಆ ಋತುವಿನ ಅಗ್ರ ಗೋಲುಗಾರರಾದರು. 2014ರಲ್ಲಿ ಜರ್ಮನಿಯ ಬೊರುಸಿಯಾ ಡಾರ್ಟ್‌ಮುಂಡ್ ಕೊಟ್ಟ ಹಣವನ್ನು ಎರಡೂ ಕ್ಲಬ್‌ಗಳು ಹಂಚಿಕೊಂಡವು. ಬದ್ಧವೈರಿಗಳನ್ನೂ ಒಂದೇ ಕಾಗದದ ಮೇಲೆ ಸಹಿ ಹಾಕಿಸುವಷ್ಟು ಉಪಯುಕ್ತವಾಗಿತ್ತು ಈ ಏರ್ಪಾಡು.

ಈ ಉದಾಹರಣೆಗಳಲ್ಲಿ ಹಣಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಪಾಲು ಸಮವಾಗಿತ್ತು ಎಂಬುದನ್ನು, ಅದಕ್ಕೆ ಮೊದಲೇ ಕಟ್ಟಿದ ಮೇಲ್ಮಿತಿ ಇರಲಿಲ್ಲ ಎಂಬುದನ್ನು. ಜೂನ್‌ನ ಮೇಜಿನ ಮುಂದೆ ಪಾರ್ಮಾ ಮತ್ತು ಯುವೆಂಟಸ್ ಹಕ್ಕಿನ ಮಟ್ಟಿಗೆ ಸಮಾನರು. ಈಗ ಅದರ ಜಾಗಕ್ಕೆ ಬಂದಿರುವ ಒಪ್ಪಂದಗಳನ್ನು ನೋಡಿ. ಒಂದು, ಮರುಖರೀದಿ ಹಕ್ಕು: ಮಾರುವ ದೊಡ್ಡ ಕ್ಲಬ್ ಒಪ್ಪಂದದ ದಿನವೇ ವಾಪಸು ಕೊಳ್ಳುವ ಬೆಲೆಯನ್ನು ಬರೆದಿಟ್ಟುಕೊಳ್ಳುತ್ತದೆ. ಹುಡುಗ ಸೋತರೆ ನಷ್ಟ ಸಾಕಿದವನದ್ದು. ಗೆದ್ದರೆ ಅವನ ಬೆಲೆ ಎಷ್ಟೇ ಏರಿದರೂ ಬರೆದಿಟ್ಟ ಮೊತ್ತಕ್ಕೆ ಬಿಟ್ಟುಕೊಡಬೇಕು. ರಿಯಲ್ ಮ್ಯಾಡ್ರಿಡ್ 2014ರಲ್ಲಿ ಆಲ್ವಾರೊ ಮೊರಾಟಾ ಅವರನ್ನು ಯುವೆಂಟಸ್‌ಗೆ 2 ಕೋಟಿ ಯೂರೊಗೆ ಮಾರಿ, 2016ರಲ್ಲಿ ಇದೇ ಹಕ್ಕು ಬಳಸಿ 3 ಕೋಟಿಗೆ ಹಿಂದಕ್ಕೆ ಪಡೆಯಿತು. ಯುವೆಂಟಸ್‌ನಂಥ ದೊಡ್ಡ ಕ್ಲಬ್‌ಗೆ ಇದು ತಡೆದುಕೊಳ್ಳುವ ಮಾತು. ಸಣ್ಣವರಿಗೆ ಅಲ್ಲ. ಎರಡು, ಕೊಳ್ಳುವ ಆಯ್ಕೆಯೊಂದಿಗೆ ಎರವಲು. ಇಲ್ಲಿ ಪಡೆದವನು ಒಂದು ವರ್ಷ ಆಡಿಸಿ ನೋಡಿ, ಬೇಡವೆಂದರೆ ಹಿಂದಿರುಗಿಸುತ್ತಾನೆ. ಆಗ ಅಪಾಯವೆಲ್ಲ ಮಾರುವವನ ತಲೆಗೆ. ಕೆಲವು ಒಪ್ಪಂದಗಳಲ್ಲಿ ಕೊಳ್ಳುವ ಆಯ್ಕೆಯ ಮೇಲೆ ಮರಳಿ ಪಡೆಯುವ ಇನ್ನೊಂದು ಆಯ್ಕೆ ಕೂತಿರುತ್ತದೆ. ಈ ಎಲ್ಲದರಲ್ಲೂ ಯಾರೋ ಒಬ್ಬರ ಕೈಯಲ್ಲಿ ಪೆನ್ನು ಇರುತ್ತದೆ, ಇನ್ನೊಬ್ಬರು ಕಾಯುತ್ತಾರೆ. ಪೆನ್ನು ಯಾರ ಕೈಯಲ್ಲಿ ಎಂಬುದನ್ನು ಚೌಕಾಸಿಯ ಬಲ ತೀರ್ಮಾನಿಸುತ್ತದೆ, ಆ ಬಲ ಸಾಮಾನ್ಯವಾಗಿ ದೊಡ್ಡವರ ಕಡೆ.

ಹಾಗಾದರೆ ಅಷ್ಟು ಒಳ್ಳೆಯದನ್ನು ರದ್ದು ಮಾಡಿದ್ದೇಕೆ? ಮೊದಲ ಕಾರಣ ಲೆಕ್ಕಪುಸ್ತಕ, ಅದನ್ನು ತುಸು ಬಿಡಿಸಿ ನೋಡಬೇಕು. ನಿಯಮದ ಪ್ರಕಾರ ವ್ಯವಹಾರ ಎರಡು ಹೆಜ್ಜೆಗಳದ್ದು: ಮಾರುವ ಕ್ಲಬ್ ಮೊದಲು ಆಟಗಾರನನ್ನು ಪೂರ್ತಿ ಮಾರುತ್ತದೆ, ಕೂಡಲೇ ಅರ್ಧ ಪಾಲನ್ನು ಮರಳಿ ಕೊಳ್ಳುತ್ತದೆ. ಬೆಲೆ 1 ಕೋಟಿ ಯೂರೊ ಎಂದಿಟ್ಟುಕೊಳ್ಳೋಣ. ನಿಜವಾಗಿ ಕೈಬದಲಾಗುವುದು 50 ಲಕ್ಷ. ಆದರೆ ಪುಸ್ತಕದಲ್ಲಿ ಲಾಭ ಪೂರ್ತಿ 1 ಕೋಟಿಯ ಮಾರಾಟದ ಮೇಲೆ ದಾಖಲಾಗುತ್ತದೆ. ಹುಡುಗ ಸ್ವಂತ ಯುವ ತಂಡದವನಾದರೆ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಹಾಗಾಗಿ ಬಂದ ಬೆಲೆಯೆಲ್ಲ ಲಾಭವೇ. ಈಗ ಎದುರಿನ ಕ್ಲಬ್ ಕೂಡ ತನ್ನ ಒಬ್ಬ ಹುಡುಗನನ್ನು ಅದೇ ಬೆಲೆಗೆ, ಅದೇ ರೀತಿ ಕೊಟ್ಟಿತು ಅನ್ನಿ. ಒಂದು ಯೂರೊ ಕೂಡ ಓಡಾಡುವುದಿಲ್ಲ, ಎರಡೂ ಕ್ಲಬ್‌ಗಳು ಆ ವರ್ಷ ತಲಾ 1 ಕೋಟಿ ಲಾಭ ತೋರಿಸುತ್ತವೆ. ಕೊಂಡ ಆಟಗಾರನ ವೆಚ್ಚವನ್ನು ಮಾತ್ರ ಒಪ್ಪಂದದ ವರ್ಷಗಳಿಗೆ ಹಂಚಿ ನಿಧಾನವಾಗಿ ಬರೆದುಕೊಳ್ಳಬಹುದು. ಇಂದಿನ ಲಾಭಕ್ಕೆ ನಾಳಿನ ಋತುಗಳು ಬಡ್ಡಿ ಕಟ್ಟುತ್ತವೆ. ನಷ್ಟ ಮುಚ್ಚಿಕೊಳ್ಳಲು ಹೆಣಗುವ ಲೆಕ್ಕಿಗನಿಗೆ ಇದಕ್ಕಿಂತ ಸಿಹಿಯಾದ ಸೌಲಭ್ಯ ಸಿಗಲಾರದು. ಹೆಸರೇ ಕೇಳದ ಹುಡುಗರು ಕಾಗದದ ಮೇಲೆ ಲಕ್ಷಾಂತರ ಯೂರೊ ಬೆಲೆಬಾಳತೊಡಗಿದರು. 2000ದ ದಶಕದ ಆರಂಭದಲ್ಲಿ ಇಂಟರ್ ಮತ್ತು ಎ.ಸಿ. ಮಿಲಾನ್ ನಡುವೆ ನಡೆದ ಯುವ ಆಟಗಾರರ ಅದಲುಬದಲು ತನಿಖೆಯವರೆಗೂ ಹೋಯಿತು. ಕ್ರಿಮಿನಲ್ ಮೊಕದ್ದಮೆ ನಿಲ್ಲಲಿಲ್ಲ, ಆದರೆ 2008ರಲ್ಲಿ ಕ್ರೀಡಾ ನ್ಯಾಯಮಂಡಳಿ ಎದುರು ಎರಡೂ ಕ್ಲಬ್‌ಗಳು ದಂಡ ಕಟ್ಟಿ ಕೈತೊಳೆದುಕೊಂಡವು. ಜೊವಿಂಕೊ ವ್ಯವಹಾರದಲ್ಲಿ ಲಾಭ ಕಂಡ ಪಾರ್ಮಾ ಕೂಡ ಆಟಗಾರರ ಕೊಡುಕೊಳ್ಳುವಿಕೆಯನ್ನೇ ನೆಚ್ಚಿ, ಇನ್ನೂರಕ್ಕೂ ಹೆಚ್ಚು ಆಟಗಾರರನ್ನು ತನ್ನ ಲೆಕ್ಕದಲ್ಲಿಟ್ಟುಕೊಂಡು, 2015ರ ಮಾರ್ಚ್‌ನಲ್ಲಿ ದಿವಾಳಿಯಾಯಿತು. ಪಾಲುಗಾರಿಕೆಯನ್ನು ಹೊಗಳುವವರು ಪಾರ್ಮಾದ ಮೊದಲ ಕತೆ ಹೇಳಿ ಎರಡನೆಯದನ್ನು ನುಂಗಿಕೊಳ್ಳುವುದು ಸರಿಯಲ್ಲ.

ಆದರೆ ಈ ರೋಗಕ್ಕೂ ಪಾಲುಗಾರಿಕೆಗೂ ಇದ್ದ ನಂಟು ಬಿಡಿಸಲಾಗದ್ದೇನಲ್ಲ. ರದ್ದತಿಯ ನಂತರದ ವರ್ಷಗಳೇ ಇದಕ್ಕೆ ಸಾಕ್ಷಿ. ಅರ್ಧ ಹಕ್ಕು ಹೋಯಿತು, ಕಾಗದದ ಲಾಭ ಹೋಗಲಿಲ್ಲ. ಚೆಜೆನಾ ಕ್ಲಬ್‌ನೊಂದಿಗೆ ಯುವ ಆಟಗಾರರನ್ನು ಉಬ್ಬಿಸಿದ ಬೆಲೆಗೆ ಅದಲುಬದಲು ಮಾಡಿಕೊಂಡ ಕಾರಣಕ್ಕೆ ಕಿಯೇವೊ ಕ್ಲಬ್ 2018ರಲ್ಲಿ 3 ಅಂಕ ಕಳೆದುಕೊಂಡಿತು. 2020ರಲ್ಲಿ ಯುವೆಂಟಸ್ ಮತ್ತು ಬಾರ್ಸಿಲೋನಾ ಮಿರಾಲೆಂ ಪ್ಯಾನಿಚ್ ಹಾಗೂ ಆರ್ತುರ್ ಅವರನ್ನು ಬದಲಿಸಿಕೊಂಡಾಗ ಪ್ಯಾನಿಚ್ ಬೆಲೆ 6 ಕೋಟಿ, ಆರ್ತುರ್ ಬೆಲೆ 7.2 ಕೋಟಿ ಯೂರೊ ಎಂದು ಬರೆದುಕೊಳ್ಳಲಾಯಿತು. ನಿಜಕ್ಕೂ ಕೊಡಬೇಕಾಗಿದ್ದದ್ದು ನಡುವಿನ ವ್ಯತ್ಯಾಸವಷ್ಟೇ. 2023ರ ಜನವರಿಯಲ್ಲಿ ವರ್ಗಾವಣೆ ಲಾಭಗಳ ಪ್ರಕರಣದಲ್ಲಿ ಯುವೆಂಟಸ್‌ಗೆ 15 ಅಂಕಗಳ ಕಡಿತವಾಯಿತು. ಮೇಲ್ಮನವಿಯ ಬಳಿಕ ಅದು ಮೇ ತಿಂಗಳಲ್ಲಿ 10 ಅಂಕಕ್ಕೆ ಇಳಿದರೂ ಕ್ಲಬ್ ಏಳನೇ ಸ್ಥಾನಕ್ಕೆ ಕುಸಿದು ಚಾಂಪಿಯನ್ಸ್ ಲೀಗ್ ತಪ್ಪಿಸಿಕೊಂಡಿತು. ಇದೆಲ್ಲ ನಡೆದದ್ದು ಪಾಲುಗಾರಿಕೆ ಸತ್ತ ಮೇಲೆ. ಆಟಗಾರನಿಗೆ ಸಂತೆಯಲ್ಲಿ ಕಟ್ಟುವ ಬೆಲೆಗೆ ವಸ್ತುನಿಷ್ಠ ಅಳತೆ ಇಲ್ಲದಿರುವಾಗ, ಇಬ್ಬರು ಒಪ್ಪಿ ಬರೆದದ್ದೇ ಬೆಲೆಯಾಗುವಾಗ, ಅದು ಅರ್ಧವೋ ಪೂರ್ತಿಯೋ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಮದ್ದು ಇರಬೇಕಾದದ್ದು ಲೆಕ್ಕದ ನಿಯಮದಲ್ಲಿ. ಯುರೋಪಿನ ಫುಟ್‌ಬಾಲ್ ಸಂಸ್ಥೆ 2023ರಲ್ಲಿ ಅದಲುಬದಲು ಲಾಭದ ಲೆಕ್ಕವನ್ನು ಬಿಗಿಗೊಳಿಸಿ, ಆಟಗಾರನ ವೆಚ್ಚವನ್ನು 5 ವರ್ಷಕ್ಕಿಂತ ಹೆಚ್ಚು ಕಾಲ ಹಂಚುವಂತಿಲ್ಲ ಎಂದಿತು. ಇಟಲಿಯ ಒಕ್ಕೂಟ 2014ರಲ್ಲೇ, ಅರ್ಧ ಪಾಲು ಮಾರಿದವರು ಕೈಗೆ ಬಂದ ಅರ್ಧದ ಲಾಭವನ್ನಷ್ಟೇ ದಾಖಲಿಸಬೇಕು ಎಂದಿದ್ದರೆ ಆಮಿಷದ ಬಹುಪಾಲು ಅಲ್ಲೇ ಕರಗುತ್ತಿತ್ತು.

ಎರಡನೇ ಆಕ್ಷೇಪ ಆಟಗಾರನದ್ದು, ಮತ್ತು ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಮನುಷ್ಯನನ್ನು ಪಾಲಿಗೆ ಕೊಡುವುದೆಂದರೇನು? ಕಾನೂನಿನ ಕಣ್ಣಲ್ಲಿ ಹಂಚಿಕೆಯಾಗುತ್ತಿದ್ದದ್ದು ಮನುಷ್ಯನಲ್ಲ, ಅವನ ಒಪ್ಪಂದದಿಂದ ಹುಟ್ಟುವ ಹಣದ ಹಕ್ಕು ಎಂಬ ಸಮಜಾಯಿಷಿ ಇದೆ, ಅದು ತಪ್ಪೂ ಅಲ್ಲ. ಆದರೂ ಜೂನ್ ಬಂತೆಂದರೆ ಇಟಲಿಯ ಅನೇಕ ಯುವ ಆಟಗಾರರಿಗೆ ಮುಂದಿನ ವರ್ಷ ತಾವು ಯಾವ ಊರಿನಲ್ಲಿರುತ್ತೇವೆ ಎಂಬುದು ಗೊತ್ತಿರುತ್ತಿರಲಿಲ್ಲ. ಲಕೋಟೆ ತೆರೆಯುವ ಕೋಣೆಯಲ್ಲಿ ಅವರ ಇಷ್ಟಕ್ಕೆ ಜಾಗವಿರಲಿಲ್ಲ. ಆ ವಿಧಾನ ಎಷ್ಟು ಹಾಸ್ಯಾಸ್ಪದವಾಗಬಹುದು ಎಂಬುದಕ್ಕೆ 2011ರ ಎಮಿಲಿಯಾನೊ ವಿವಿಯಾನೊ ಪ್ರಕರಣ ಸಾಕು: ಗೋಲ್‌ಕೀಪರ್ ವಿವಿಯಾನೊ ಬೊಲೊನ್ಯಾ ಮತ್ತು ಇಂಟರ್ ನಡುವೆ ಹಂಚಿಹೋಗಿದ್ದರು, ಬೊಲೊನ್ಯಾದವರು ನಮೂನೆಯಲ್ಲಿ ಅಂಕಿ ತಪ್ಪಾಗಿ ತುಂಬಿದರು, ಆಟಗಾರ ಇಂಟರ್ ಪಾಲಾದರು. ಒಬ್ಬನ ವೃತ್ತಿಜೀವನ ಗುಮಾಸ್ತಿಕೆಯ ತಪ್ಪಿನ ಮೇಲೆ ತಿರುಗುವುದನ್ನು ಯಾವ ಆರ್ಥಿಕ ತರ್ಕವೂ ಸಮರ್ಥಿಸದು. ರೋಸಿಯ ಕತೆಯೂ ಅದೇ ದಾರಿ ಹಿಡಿಯಿತು. ಲಕೋಟೆಯಲ್ಲಿ ಗೆದ್ದ ವಿಚೆಂಜಾ ಮರುವರ್ಷವೇ ಎರಡನೇ ದರ್ಜೆಗೆ ಇಳಿಯಿತು, ರೋಸಿ ಎರವಲಾಗಿ ಪೆರುಜಾಗೆ ಹೋದರು, 1980ರ ಬೆಟ್ಟಿಂಗ್ ಹಗರಣದಲ್ಲಿ ಸಿಲುಕಿ ನಿಷೇಧಕ್ಕೊಳಗಾದರು. 1982ರ ವಿಶ್ವಕಪ್‌ನ 6 ಗೋಲುಗಳು ಆಮೇಲಿನ ಮಾತು. ಅಷ್ಟು ದೊಡ್ಡ ಮೊತ್ತ ಬರೆದ ವಿಚೆಂಜಾ ಅಧ್ಯಕ್ಷ ಜುಸೆಪ್ಪೆ ಫರೀನಾ ಮುಂದೆ ಎ.ಸಿ. ಮಿಲಾನ್ ಅಧ್ಯಕ್ಷರಾದರು. ಆ ಕ್ಲಬ್ ಕೂಡ ಸಾಲದಲ್ಲಿ ಮುಳುಗಿ 1986ರಲ್ಲಿ ಉದ್ಯಮಿ ಬೆರ್ಲುಸ್ಕೋನಿ ಕೈ ಸೇರಿತು. ಲಕೋಟೆ ಜಾಣರಿಗಿಂತ ಹುಂಬರಿಗೆ ಹೆಚ್ಚು ಒಲಿಯುತ್ತಿತ್ತು.

ಅದಕ್ಕೆ ಹೇಳುವುದು, ಕುರುಡು ಹರಾಜು ಹೋದದ್ದು ಒಳ್ಳೆಯದೇ ಆಯಿತು. ಆದರೆ ಆಟಗಾರನ ಅತಂತ್ರ ಸ್ಥಿತಿ ಅದರೊಂದಿಗೆ ಹೋಯಿತೇ ಎಂದು ಕೇಳಿದರೆ, ಇಲ್ಲ. ಇಂದಿನ ಇಟಲಿಯ ಯುವಕ ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ ಎಂದು ಎರವಲಿನ ಮೇಲೆ ಎರವಲು ಅಲೆಯುತ್ತಾನೆ. ಆಯ್ಕೆ ಚಲಾಯಿಸುವವರು ಕ್ಲಬ್‌ಗಳೇ, ಕೊನೆಯ ದಿನಾಂಕವೂ ಮತ್ತೆ ಜೂನ್ ತಿಂಗಳೇ. ಎರವಲಿನ ಹಾವಳಿ ಜಾಗತಿಕವಾಗಿ ಎಷ್ಟು ಬೆಳೆಯಿತೆಂದರೆ ಫಿಫಾ 2022ರಿಂದ ಅದಕ್ಕೆ ಮಿತಿ ಹೇರಬೇಕಾಯಿತು. ಆ ಮಿತಿಯಿಂದಲೂ 21 ವರ್ಷದೊಳಗಿನವರಿಗೆ, ಕ್ಲಬ್‌ನಲ್ಲೇ ಬೆಳೆದವರಿಗೆ ವಿನಾಯಿತಿ ಇದೆ. ಅಂದರೆ ರಕ್ಷಣೆ ಹೆಚ್ಚು ಬೇಕಾದವರೇ ಹೊರಗುಳಿದಿದ್ದಾರೆ. ಪಾಲುಗಾರಿಕೆಯಲ್ಲಿ ಆಡಿಸುವ ಕ್ಲಬ್‌ಗೆ ಹುಡುಗನ ಅರ್ಧ ಸ್ವಂತದ್ದಾಗಿತ್ತು. ಅವನನ್ನು ಬೆಂಚಿನ ಮೇಲೆ ಕೂರಿಸಿದರೆ ತನ್ನ ಆಸ್ತಿಯೇ ಸವೆಯುತ್ತದೆ ಎಂಬ ಅರಿವು ತರಬೇತುದಾರನಿಗೂ ಮುಟ್ಟುತ್ತಿತ್ತು. ಬರಿಯ ಎರವಲಿನ ಹುಡುಗನ ಬಗ್ಗೆ ಆ ಕಾಳಜಿ ಏಕಿರಬೇಕು? ಪರರ ಆಟಗಾರನ ಬೆಲೆ ಏರಿಸಿ ಕಳಿಸುವುದಕ್ಕಿಂತ ಅನುಭವಿ ಆಟಗಾರನೊಬ್ಬನನ್ನು ಇಳಿಸಿ ಮೂರು ಅಂಕ ಗಳಿಸುವುದೇ ಅವರಿಗೆ ಲಾಭ.

ಹಿತಾಸಕ್ತಿಯ ಘರ್ಷಣೆಯ ಪ್ರಶ್ನೆಯನ್ನೂ ಎತ್ತುವವರಿದ್ದಾರೆ: ಟುರಿನ್ ಡರ್ಬಿಯಲ್ಲಿ ತೊರಿನೊ ಪರ ಆಡುವ ಇಮ್ಮೊಬಿಲೆ ಅರ್ಧ ಯುವೆಂಟಸ್‌ನವರಲ್ಲವೇ ಎಂದು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಎರವಲು ಮತ್ತು ಮರುಖರೀದಿಯ ಆಟಗಾರರ ಬಗ್ಗೆಯೂ ಇದನ್ನೇ ಕೇಳಬಹುದು. ಇನ್ನು ಆಟಗಾರರ ಮೇಲೆ ಹೊರಗಿನವರ ಹಕ್ಕನ್ನು ಫಿಫಾ 2015ರ ಮೇ 1ರಿಂದ ನಿಷೇಧಿಸಿದ್ದನ್ನು ಇದರೊಂದಿಗೆ ಬೆರೆಸುವುದು ತಪ್ಪು. ಕಾರ್ಲೊಸ್ ತೆವೆಜ್ ಮತ್ತು ಹಾವಿಯೆರ್ ಮಸ್ಚೆರಾನೊ 2006ರಲ್ಲಿ ವೆಸ್ಟ್ ಹ್ಯಾಮ್ ಸೇರಿದಾಗ ಅವರ ಹಕ್ಕು ಕ್ಲಬ್ ಹೊರಗಿನ ಕಂಪನಿಗಳ ಕೈಯಲ್ಲಿತ್ತು. ಆ ಕ್ಲಬ್ 55 ಲಕ್ಷ ಪೌಂಡ್ ದಂಡ ತೆತ್ತಿತು. ಅಂಥ ಹೂಡಿಕೆದಾರನಿಗೆ ತಂಡವಿಲ್ಲ, ಪ್ರೇಕ್ಷಕರಿಲ್ಲ, ಶಿಸ್ತು ಸಮಿತಿಯ ಭಯವಿಲ್ಲ. ಇಟಲಿಯ ಪಾಲುದಾರರಿಬ್ಬರೂ ಒಂದೇ ಒಕ್ಕೂಟದ ನಿಯಮಕ್ಕೆ, ಅದೇ ಅಂಕ ಕಡಿತದ ಶಿಕ್ಷೆಗೆ ತಲೆಕೊಡುವ ಕ್ಲಬ್‌ಗಳಾಗಿದ್ದವು.

ಪದ್ಧತಿಯನ್ನು ಹಳೆಯ ರೂಪದಲ್ಲೇ ಮರಳಿ ತನ್ನಿ ಎಂದು ನಾನು ಹೇಳುತ್ತಿಲ್ಲ. ಸಮಪಾಲಿನ ತತ್ವವನ್ನು ಮಾತ್ರ ಉಳಿಸಿಕೊಳ್ಳಬಹುದು. ಮುಂದಿನ ಮಾರಾಟದಲ್ಲಿ ಇಷ್ಟು ಶೇಕಡಾ ಎಂಬ ಕರಾರು ಈಗಲೂ ನ್ಯಾಯಬದ್ಧ, ಬ್ರೆಜಿಲ್‌ನ ಕ್ಲಬ್‌ಗಳು ಆಟಗಾರರನ್ನು ಮಾರುವಾಗ ದೊಡ್ಡ ಪಾಲನ್ನೇ ಉಳಿಸಿಕೊಳ್ಳುವುದುಂಟು. ಇಟಲಿಯ ಒಕ್ಕೂಟ ತನ್ನ ನಿಯಮಾವಳಿಗೆ ಒಂದು ಮಾತು ಸೇರಿಸಬಹುದು: 23 ವರ್ಷದೊಳಗಿನ ಆಟಗಾರನ ಒಪ್ಪಂದದಲ್ಲಿ ದೊಡ್ಡ ಕ್ಲಬ್ ಮರುಖರೀದಿ ಹಕ್ಕು ಇಟ್ಟುಕೊಂಡರೆ, ಅದನ್ನು ಚಲಾಯಿಸಿದ ಮೇಲೆ ಅವನನ್ನು ಮುಂದೆ ಮಾರಿದಾಗ ಬರುವ ಲಾಭದಲ್ಲಿ ಬೆಳೆಸಿದ ಕ್ಲಬ್‌ಗೆ ಅರ್ಧ ಸಲ್ಲಬೇಕು. ಚಲಾಯಿಸುವ ಮುನ್ನ ಆಟಗಾರನ ಲಿಖಿತ ಒಪ್ಪಿಗೆ ಬೇಕು. ಕೈಗೆ ಬಾರದ ಹಣವನ್ನು ಲಾಭವೆಂದು ಬರೆಯುವಂತಿಲ್ಲ. ದೊಡ್ಡ ಕ್ಲಬ್‌ಗಳು ಇದನ್ನು ವಿರೋಧಿಸುತ್ತವೆ, ಈಗ ಅವರದೇ ಎರಡನೇ ತಂಡಗಳಿವೆ, ಹುಡುಗರನ್ನು ಹೊರಗೆ ಕಳಿಸುವ ಅನಿವಾರ್ಯತೆ ಕಡಿಮೆಯಾಗಿದೆ ಎಂಬ ವಾದ ಮುಂದಿಡುತ್ತವೆ. ಆದರೆ ಆ ಎರಡನೇ ತಂಡಗಳು ಆಡುವುದು ಬಹುತೇಕ ಮೂರನೇ ದರ್ಜೆಯಲ್ಲಿ. ಮೊದಲ ದರ್ಜೆಯ ರಕ್ಷಕರ ಎದುರು ಹುಡುಗನಿಗೆ ಒಂದು ಪೂರ್ತಿ ಋತು ಆಡುವ ಜಾಗ ಈಗಲೂ ಇರುವುದು ಸಾಸ್ಸುವೊಲೊ, ಉದಿನೇಸೆ, ಕಾಲ್ಯಾರಿಯಂಥ ಕ್ಲಬ್‌ಗಳಲ್ಲಿ.